ಬಾವಿಗಿಳಿದ ವಾಸನೆ

ನಾಡಿನ ಕೊನೆಯ ಪೆಟ್ರೋಲನ್ನು ಸರಕಾರ ಗದಗಿನ ಹಳೇ ಬಂಕೊಂದರ ನೆಲದಡಿಯ ಟ್ಯಾಂಕಿನಲ್ಲಿ ಜೋಪಾನ ಮಾಡಿತ್ತು. ವರ್ಷದ ತಪಾಸಣೆಗೆ ಬಂದ ಶಿವಲೀಲಾ ಅಳತೆಗೋಲು ಇಳಿಸಿ ಮೇಲೆತ್ತಿದಳು. ಮಟ್ಟ ಕುಸಿದಿತ್ತು; ನೀರು ಪತ್ತೆಹಚ್ಚಲು ಕೋಲಿನ ತುದಿಗೆ ಸವರಿದ್ದ ಪೇಸ್ಟು ನೀರು ತಾಗಿ ಕೆಂಪಾಗಿತ್ತು. ಟ್ಯಾಂಕು ತೂತಾಗಿದೆ, ಖಾಲಿ ಮಾಡಿಸಲೇಬೇಕು ಎಂದು ಗಟ್ಟಿಯಾಗಿಯೇ ಅಂದಳು.

ಪಕ್ಕದ ಮನೆಯ ಮುದುಕಿ ಫಕೀರವ್ವ ಬಾವಿಯ ನೀರು ತುಂಬಿದ ಕೊಡ ಹಿಡಿದೇ ಓಡಿಬಂದಳು.

“ಬ್ಯಾಡ ತಂಗಿ. ಕುಡ್ಯಾಕ ನಳದ ನೀರು ಐತಿ. ನಮ್ಮ ಬಾವಿ ಹಿಂಗ ಪೆಟ್ರೋಲ್ ನಾರಲಿ ಬಿಡು.”

“ಅದ್ಯಾಕ ಆಯಿ?”

“ನಮ್ಮನಿಯವರು ಇದೇ ಬಂಕಿನ್ಯಾಗ ಪೆಟ್ರೋಲ್ ಹಾಕತಿದ್ರು. ಕೊಡ ಎತ್ತಿದಾಗೊಮ್ಮೆ, ಈಗ ಮನಿಗೆ ಬಂದ್ರು ಅನಸ್ತೈತಿ.”

ಶಿವಲೀಲಾ ಬಗ್ಗಿ ಕೊಡವನ್ನು ಮೂಸಿದಳು. ಚಿಕ್ಕವಳಿದ್ದಾಗ ತನ್ನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಒಯ್ಯುತ್ತಿದ್ದ ಅಪ್ಪನ ಗದ್ದ ನೆತ್ತಿಗೆ ತಾಗಿದಂತಾಯಿತು.

ತನ್ನ ಬಾಟಲಿಯಲ್ಲಿದ್ದ ಕುಡಿಯುವ ನೀರನ್ನು ನೆಲಕ್ಕೆ ಚೆಲ್ಲಿ, ಖಾಲಿ ಬಾಟಲಿಯನ್ನು ಮುದುಕಿಯ ಮುಂದೆ ಹಿಡಿದಳು.

“ಇದರಾಗ ಒಂದೀಟು ಹಾಕ್ರಿ ಆಯಿ.”