ಒಂದೇ ಕಡೆ ಕೇಳುವ ಫೋನು

"ಅಕ್ಕಾ, ನಂಗೇನೂ ಕೇಳಿಸ್ತಿಲ್ಲ." ತಂಗಿಯ ದನಿ ಮಾತ್ರ ಹೊದಿಕೆಯೊಳಗಿನ ಪಿಸುಮಾತಿನಂತೆ ಅಕ್ಕನ ಕಿವಿಗೆ ಬಂತು. ಹೊಸ ರೌಟರ್ ಹಾಕಿದಾಗಿನಿಂದ ಮನೆಯ ಇಂಟರ್ನೆಟ್ ಫೋನು ಹೀಗೇ: ಆಚೆಯವರ ಮಾತು ಕೇಳಿಸುತ್ತದೆ, ಇಲ್ಲಿಯದು ಆಚೆ ಮುಟ್ಟುವುದಿಲ್ಲ. ಪರೀಕ್ಷೆಗೆ ಇದಕ್ಕೊಂದು ಫೋನ್ ಮಾಡು ಎಂದು ಗಂಡ ತನ್ನ ಮೊಬೈಲಿನಿಂದ ಹೇಳಿದ್ದು, ಮುನಿಸಿಕೊಂಡು ಮಾತು ಬಿಟ್ಟಿದ್ದ ಈ ತಂಗಿಗೇ.

"ಏನಾದ್ರೂ ಮಾತಾಡ್ತಿರು ಅಂದ್ರು ಭಾವ. ನಿಂಗೂ ಕೇಳಿಸ್ತಿರಲ್ಲ, ಬಿಡು. ನಾನು ಈಗ್ಲೂ ಗೋಡೆಗೆ ಒತ್ತಿಕೊಂಡೇ ಮಲಗ್ತೀನಿ ಕಣೆ. ಪಕ್ಕದಲ್ಲಿ ನಿನ್ನ ಜಾಗ ಹಾಗೇ ಇದೆ."

ರೌಟರಿನ ಹಸಿರು ದೀಪಗಳು ಅಕ್ಕನ ಕಣ್ಣಲ್ಲಿ ಕರಗಿ ತೇಲಿದವು. ಲ್ಯಾಪ್‌ಟಾಪಿನಲ್ಲಿ ಸೆಟ್ಟಿಂಗ್ ಬದಲಿಸುತ್ತಿದ್ದ ಗಂಡ ತಲೆಯೆತ್ತಿದ. "ಈಗ ಮಾತಾಡು. ಸರಿಹೋಗಿರ್ಬೇಕು."

ತಂಗಿ ಇನ್ನಷ್ಟು ಹೇಳಲಿ ಎಂಬಾಸೆಗೆ ಅಕ್ಕ ಅಂದಳು, "ಇಲ್ಲ ಕಣ್ರೀ, ಇನ್ನೂ ಸರಿಹೋಗಿಲ್ಲ."

ಆಚೆ ಮಾತು ನಿಂತಿತು. ಆಮೇಲೆ ಮೆಲ್ಲಗೆ ಕೇಳಿಸಿತು, "ಸುಳ್ಳುಬುರುಕಿ."