ಸುಳ್ಳು ಹೆಸರು

“ಹುಚ್ಚರ ಡಾಕ್ಟರ ಹತ್ರ ನನ್ನ ಮಗಳ ನಿಜವಾದ ಹೆಸರು ಬರೆಸ್ಬೇಕಾ? ಪೂಜಾ ಅಂತ ಬರೆಸಿದೀನಿ. ಏನೀಗ?” ಚನ್ನೇಶ್ ಹಲ್ಲು ಕಚ್ಚಿ ಹೇಳಿದ.

“ಪಾಠದಲ್ಲಿ ಗಮನ ನಿಲ್ಲಲ್ಲ ಅಂತ ಪರೀಕ್ಷೆ ಮಾಡ್ಸೋಕೆ ಶಿಕಾರಿಪುರಕ್ಕೆ ಬಂದಿರೋದು ಕಣ್ರೀ, ಕಳ್ಳತನಕ್ಕಲ್ಲ!” ಹೆಂಡತಿ ನೀಲಾಂಬಿಕ ರೇಗಿದಳು.

“ಮೆತ್ತಗೆ! ಆ ಬೆಂಚಲ್ಲಿ ನಮ್ಮೂರ ಪಕ್ಕದ ಕುಬಟೂರಿನೋರು ಕೂತಿದಾರೆ. ನಾಳೆ ಇವಳನ್ನ ಯಾರು ಮದ್ವೆ ಆಗ್ತಾರೆ?”

“ಎಂಟು ವರ್ಷದ ಕೂಸಿಗೆ ಈಗ್ಲೇ ಗಂಡು ನೋಡ್ತಿದೀರಾ?”

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು “ಪೂಜಾ” ಎಂದಳು. ಕಿಟಕಿಯ ಸರಳಿನ ಮೇಲೆ ಹರಿಯುವ ಇರುವೆಗಳನ್ನು ನೋಡುತ್ತಿದ್ದ ಮಗಳು ಶರಣ್ಯ ತಿರುಗಲಿಲ್ಲ. ನರ್ಸ್ ಹತ್ತಿರ ಬಂದು ಮತ್ತೆ ಕರೆದಳು. ಆಗಲೂ ಇಲ್ಲ. “ಸರ್, ಕಿವಿ ಹತ್ರ ಕೂಗಿದ್ರೂ ಈ ಹುಡುಗಿಗೆ ಗಮನವೇ ಇಲ್ಲ” ಎಂದು ಒಳಗಿದ್ದ ಡಾಕ್ಟರಿಗೆ ಹೇಳಿದಳು. ಚನ್ನೇಶ್ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ನೆಲ ನೋಡಿದ.

ನೀಲಾಂಬಿಕಳ ಮೈಯೆಲ್ಲ ಉರಿಯಿತು. ಎದ್ದು ನಿಂತು, ಅಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ ಕೂಗಿದಳು: “ಆನವಟ್ಟಿ ಗೊಬ್ಬರದಂಗಡಿ ಚನ್ನೇಶಪ್ಪನ ಮಗಳು ಶರಣ್ಯ, ಬಾರೇ ಇಲ್ಲಿ!”

ಮಗು ತಟ್ಟನೆ ತಿರುಗಿ ಓಡಿ ಬಂತು. ಚನ್ನೇಶ್ ಟವೆಲ್ಲನ್ನು ಮುಖಕ್ಕೆ ಅಡ್ಡ ಹಿಡಿದು ಹೊರಗೆ ನಡೆದ. ಸ್ವಲ್ಪ ಹೊತ್ತಿಗೆ ಡಾಕ್ಟರು ತಂದೆಯನ್ನೂ ಕರೆಯಿರಿ ಎಂದಾಗ ನರ್ಸ್ ಬೀದಿಯವರೆಗೆ ಹೋಗಿ ನೋಡಿದಳು. ಅವನೂ ಇರಲಿಲ್ಲ, ಮೂವರೂ ಕೂತು ಬಂದಿದ್ದ ಬೈಕೂ ಇರಲಿಲ್ಲ.