ಕ್ಲಚ್ ಹಾಕಿದ ಆದಿತ್ಯವಾರ

ಮಣಿಪಾಲದ ಏರಿನಲ್ಲಿ ಯಾವುದಾದರೂ ವಾಹನದ ಕ್ಲಚ್ ಸುಟ್ಟ ವಾಸನೆ ಬಂದರೆ, ಕಾಪುವಿನ ನಮ್ಮ ಅಂಗಳದ ಆ ಆದಿತ್ಯವಾರ ನನಗೆ ಇಂದಿಗೂ ನೆನಪಾಗುತ್ತದೆ.

ನನಗಾಗ ಒಂಬತ್ತು ವರ್ಷ. ಮರುದಿನ ಅಮ್ಮನನ್ನು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಕ್ಲಚ್ ಸವೆದು ನಮ್ಮ ಹಳೆಯ ಕಾರು ಏರು ಹತ್ತುವುದನ್ನೇ ಬಿಟ್ಟಿತ್ತು. ಅಪ್ಪ ಬೆಳಿಗ್ಗೆಯಿಂದ ಕಾರಿನಡಿ ಗೋಣಿ ಹಾಸಿ ಮಲಗಿ, ಗೇರ್‌ಬಾಕ್ಸ್ ಇಳಿಸಿ, ಹೊಸ ಕ್ಲಚ್ ಪ್ಲೇಟ್ ಕೂರಿಸಿದ್ದ. ಪ್ಲೇಟು ಸರಿಯಾಗಿ ನಡುವಿಗೆ ಬರಲೆಂದು ಅದರ ತೂತಿಗೆ ಮರದ ಕೋಲೊಂದನ್ನು ಕೆತ್ತಿ ತೂರಿಸಿ, ಬೋಲ್ಟು ಬಿಗಿದು, ಕೋಲನ್ನು ಹೊರಗೆಳೆದಿದ್ದ. ಆದರೂ ಗೇರ್‌ಬಾಕ್ಸ್ ಒಳಗೆ ಹೋಗಲಿಲ್ಲ; ಅದರ ದಂಡ ಪ್ಲೇಟಿನ ತೂತಿಗೆ ಸೇರುತ್ತಿರಲಿಲ್ಲ. ಪಕ್ಕದ ಮನೆಯ ಹಸನಬ್ಬ ಮತ್ತು ಅಪ್ಪ ಎರಡು ಸಲ ಅದನ್ನು ಎತ್ತಿದರು, ಎರಡು ಸಲವೂ ಕೆಳಗಿಳಿಸಿದರು. ಅಪ್ಪ ಗ್ರೀಸಿನ ಕೈಯಲ್ಲೇ ಹಣೆ ಹಿಡಿದು ಮೆಟ್ಟಿಲ ಮೇಲೆ ಕುಳಿತ.

ಅಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಕೋಲನ್ನು ತಿರುಗಿಸಿ ನೋಡಿ, “ಇದು ತೂತಿಗೆ ಸಡಿಲ ಉಂಟಲ್ಲ. ಪ್ಲೇಟು ಒಂದು ಕಡೆಗೆ ಜಾರಿರಬೇಕು,” ಎಂದಳು.

“ನೀನು ಹೋಗಿ ಮಲಗು ಮಾರಾಯ್ತಿ.”

“ಮಲಗಿ ಮಲಗಿ ಸಾಕಾಗಿದೆ.”

ಹಳೆಯ ಸೀರೆಯಿಂದ ಪಟ್ಟಿ ಹರಿದು ಕೋಲಿಗೆ ಬಿಗಿಯಾಗಿ ಸುತ್ತಿಕೊಟ್ಟಳು. ಅಪ್ಪ ಬೋಲ್ಟು ಸಡಿಲಿಸಿ, ಆ ಕೋಲನ್ನು ತೂರಿಸಿ, ಮತ್ತೆ ಬಿಗಿದು, ಕೋಲು ಹೊರಗೆಳೆದ. ಮೂರನೆಯ ಸಲ ಗೇರ್‌ಬಾಕ್ಸ್ ಸದ್ದಿಲ್ಲದೆ ಒಳಗೆ ಸರಿಯಿತು.

ಸಂಜೆ ಅಪ್ಪ ಕಾರಿನಡಿಯಿಂದಲೇ ಕೇಳಿದ, “ಪೆಡಲ್ ಒತ್ತಿ ನೋಡು. ಹಗುರ ಉಂಟಾ?”

ಡ್ರೈವರ್ ಸೀಟಿನಲ್ಲಿ ಕುಳಿತಿದ್ದ ಅಮ್ಮ, ಕಾಲಿಗೆ ಬಲ ಸಾಲದೆ, ಮೊಣಕಾಲಿನ ಮೇಲೆ ಎರಡೂ ಕೈ ಊರಿ, ತುಟಿ ಕಚ್ಚಿ, ಪೆಡಲನ್ನು ಕೆಳಗೆ ತಳ್ಳಿದಳು. ಪಕ್ಕದಲ್ಲಿದ್ದ ನನ್ನ ಕಡೆ ನೋಡಿ, ಸುಮ್ಮನಿರು ಎಂಬಂತೆ ತಲೆಯಾಡಿಸಿದಳು.

“ಹಗುರ ಉಂಟು,” ಎಂದಳು.